ಕನ್ನಡದ ಅಕ್ಕ, ಸಂಸ್ಕೃತದ ಅಕ್ಕ

ನಮ್ಮ ಮನೆಯಲ್ಲಿ ಅಮ್ಮ ಅನ್ನುವ ಶಬ್ದ ಇರಲಿಲ್ಲ. ಅಮ್ಮ ಇದ್ದಳು, ಚೆನ್ನಾಗಿಯೇ ಇದ್ದಳು, ಈಗಲೂ ಇದ್ದಾಳೆ. ಆದರೆ ಅವಳನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಹೆತ್ತ ಮಗಳಾದ ನನಗೂ ಅವಳು ಅಕ್ಕ. ಮಾತು ಕಲಿತ ದಿನದಿಂದ ಅವಳನ್ನು ಅಕ್ಕ ಎಂದು ಕರೆದು, ಅಕ್ಕ ಎಂದು ಅತ್ತು, ಅಕ್ಕ ಎಂದು ಜಗಳವಾಡಿ ಬೆಳೆದವಳು ನಾನು. ಹೊಸಬರಿಗೆ ಇದನ್ನು ವಿವರಿಸಿ ಹೇಳುವಷ್ಟರಲ್ಲಿ ನನಗೆ ಅರ್ಧ ಆಯುಷ್ಯ ಕಳೆದಿದೆ. ಈಗ ಯಾರಾದರೂ ಕೇಳಿದರೆ ‘ಹೌದು, ಅಕ್ಕ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಅವರು ಏನಾದರೂ ಅಂದುಕೊಳ್ಳಲಿ.

ಆ ಮನೆ ಇದ್ದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಒಂದು ಹಜಾರ, ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ, ಹಿಂದೆ ಬಚ್ಚಲು. ಅಪ್ಪ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಸೈರನ್ನಿಗೆ ಏಳುತ್ತಿದ್ದೆವು, ಸೈರನ್ನಿಗೆ ಉಣ್ಣುತ್ತಿದ್ದೆವು. ಮನೆಯಲ್ಲಿ ಇದ್ದವರು ನಾಲ್ಕೇ ಜನ: ಅಪ್ಪ, ಅಕ್ಕ, ನಾನು ಮತ್ತು ಸರಸು. ಸರಸು ನನಗಿಂತ ಏಳು ತಿಂಗಳಿಗೆ ದೊಡ್ಡವಳು, ಸಂಬಂಧದಲ್ಲಿ ನನ್ನ ಚಿಕ್ಕಮ್ಮ. ಅಂದರೆ ಅಕ್ಕನ ಸ್ವಂತ ತಂಗಿ. ಅವಳನ್ನು ಹೆತ್ತ ಮೂರನೆಯ ದಿನ ನಮ್ಮ ಅಜ್ಜಿ ತೀರಿಕೊಂಡರು. ಶಿವಮೊಗ್ಗದಲ್ಲಿ ಸಂಸ್ಕೃತದ ಮೇಷ್ಟರಾಗಿದ್ದ ಅಜ್ಜ ಹದಿಮೂರು ದಿನ ಕಳೆದ ಮೇಲೆ ಆ ಕೂಸನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಭದ್ರಾವತಿಗೆ ಬಂದು, ಮದುವೆಯಾಗಿ ವರ್ಷವೂ ತುಂಬದ ಮಗಳ ಕೈಗೆ ಕೊಟ್ಟು, ಅದೇ ಬಸ್ಸಿಗೆ ಹಿಂದಿರುಗಿದರಂತೆ. ಅಕ್ಕನಿಗೆ ಆಗ ಹದಿನೇಳು ವರ್ಷ. ನಾನು ಅವಳ ಹೊಟ್ಟೆಯಲ್ಲಿ ಎರಡು ತಿಂಗಳು. ನಾನು ಹುಟ್ಟುವ ತನಕ ಸರಸು ಆಕಳ ಹಾಲು ಕುಡಿದಳು. ಹುಟ್ಟಿದ ಮೇಲೆ ನಾವಿಬ್ಬರೂ ಒಬ್ಬಳದೇ ಹಾಲು ಕುಡಿದೆವು.

ಸರಸು ನನಗಿಂತ ಮೊದಲು ಮಾತು ಕಲಿತಳು. ಅವಳು ಅಕ್ಕ ಅಂದಳು, ಅವಳ ಬಾಯಿ ನೋಡಿ ನಾನೂ ಅಕ್ಕ ಅಂದೆ. ಇದಕ್ಕೆ ಸಮನಾಗಿ ನಾನು ಅಜ್ಜ ಎಂದವರನ್ನು ಅವಳೂ ಅಜ್ಜ ಎಂದಳು. ಹೆತ್ತ ತಂದೆಯನ್ನು ಹಾಗೆ ಕರೆಯುತ್ತಿದ್ದರೂ ಯಾರೂ ತಿದ್ದಲಿಲ್ಲ, ಅವರೂ ತಿದ್ದಲಿಲ್ಲ. ತಿದ್ದಿದ್ದು ಒಂದೇ ಒಂದು ವಿಷಯದಲ್ಲಿ. ಸರಸು ನಮ್ಮಪ್ಪನನ್ನು ಭಾವ ಅನ್ನುತ್ತಿದ್ದಳು, ಸಹಜವಾಗಿ ನಾನೂ ಭಾವ ಅನ್ನುತ್ತಿದ್ದೆ. ನಾಲ್ಕು ವರ್ಷದ ನಾನು ಒಂದು ಬೆಳಿಗ್ಗೆ ಬೀದಿಯ ನಲ್ಲಿಯ ಹತ್ತಿರ, ನೀರಿಗೆ ನಿಂತ ಅಷ್ಟೂ ಹೆಂಗಸರ ಮುಂದೆ ‘ಭಾವಾ, ಎತ್ಕೋ’ ಎಂದು ಕೈ ಚಾಚಿದೆನಂತೆ. ಅಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೈಮುಗಿದರಂತೆ.

“ನನ್ನನ್ನಾದ್ರೂ ಅಪ್ಪ ಅನ್ನು ಮಾರಾಯ್ತಿ. ಬೀದಿಲಿ ತಲೆ ಎತ್ಕೊಂಡು ಓಡಾಡ್ಬೇಕು ನಾನು.”

ಹೀಗೆ ಅಪ್ಪ ಅಪ್ಪನಾದರು, ಅಕ್ಕ ಅಕ್ಕನಾಗಿಯೇ ಉಳಿದಳು. ಅವಳನ್ನು ಆ ಸಾಲಿನಲ್ಲಿ ಅಕ್ಕ ಅನ್ನದವರೇ ಇರಲಿಲ್ಲ. ಎಡಗಡೆ ಮನೆಯ ತಮಿಳಿನ ಪೊನ್ನಮ್ಮ ಅವಳಿಗಿಂತ ಹತ್ತು ವರ್ಷ ಹಿರಿಯಳಾದರೂ ಗೋಡೆಯ ಮೇಲಿಂದ ಲೋಟ ಚಾಚಿ ‘ಅಕ್ಕಾ, ಕೊಂಜಂ ಮೋರ್ ಇರುಕ್ಕಾ?’ ಎಂದು ಮಜ್ಜಿಗೆ ಕೇಳುತ್ತಿದ್ದಳು. ಎದುರುಮನೆಯ ತೆಲುಗಿನವರು ನಲ್ಲಿಯಲ್ಲಿ ನೀರು ಬಂದರೆ ‘ಅಕ್ಕಾ, ನೀಳ್ಳೊಚ್ಚಾಯಿ’ ಎಂದು ಕೂಗಿ ಎಬ್ಬಿಸುತ್ತಿದ್ದರು. ಬಜಾರಿನ ದರ್ಜಿ ಸಾಬರು ನಮ್ಮಿಬ್ಬರ ಅಳತೆ ತೆಗೆದುಕೊಳ್ಳುತ್ತ ‘ಅಕ್ಕಾ, ಇವರಿಬ್ಬರಲ್ಲಿ ಯಾರು ನಿಮ್ಮೋರು?’ ಎಂದು ಪ್ರತಿ ಸಲವೂ ಕೇಳುತ್ತಿದ್ದರು. ‘ಇಬ್ರೂ’ ಅನ್ನುತ್ತಿದ್ದಳು ಅವಳು. ಸಾಬರು ಟೇಪನ್ನು ಕೊರಳಿಗೆ ಹಾಕಿಕೊಂಡು ನಗುತ್ತಿದ್ದರು.

“ನಮ್ ಕಡೆ ಆಕಾ ಅಂದ್ರೆ ಯಜಮಾನ, ಅಕ್ಕಾ. ನಿಮ್ಮನೇಲಿ ಅದೂ ನೀವೇ ಬಿಡಿ.”

ಸುಳ್ಳಲ್ಲ. ಮನೆಯ ಕಾನೂನುಗಳೆಲ್ಲ ಅವಳವೇ. ಲಂಗಕ್ಕೆ ಬಟ್ಟೆ ತಂದರೆ ಒಂದೇ ತಾನಿನಿಂದ ಇಬ್ಬರಿಗೂ ಹರಿಸಬೇಕು. ಒಬ್ಬಳ ರಿಬ್ಬನ್ನು ಕಳೆದರೆ ಇನ್ನೊಬ್ಬಳದನ್ನೂ ಬಿಚ್ಚಿ ಒಳಗಿಡಬೇಕು. ಸರಸುವಿನ ಎದುರಿಗೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ನನಗೆ ಜ್ವರ ಬಂದ ದಿನ ಮಾತ್ರ ಇದಕ್ಕೆ ವಿನಾಯಿತಿ ಇತ್ತು. ಹಾಗಾಗಿ ನಾನು ಆಗಾಗ ಜ್ವರ ಬಂದವಳಂತೆ ಮುಲುಕುತ್ತಿದ್ದೆ. ಸರಸುವಿನ ಹುಟ್ಟಿದ ದಿನ ಬಂತೆಂದರೆ ಹಿಂದೆಯೇ ಅಜ್ಜಿಯ ಶ್ರಾದ್ಧ ಬರುತ್ತಿತ್ತು, ಆ ವಾರದಲ್ಲಿ ಪಾಯಸ ಮಾಡುವ ಹಾಗಿಲ್ಲ. ಅವಳಿಗಿಲ್ಲದ ಪಾಯಸ ನಿನಗೇಕೆ ಎಂದು ಅಕ್ಕ ನನ್ನ ಹುಟ್ಟುಹಬ್ಬವನ್ನೂ ತೆಗೆದುಹಾಕಿದಳು. ಇನ್ನು ಊಟ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದ ಮೇಲೆ ಕೈತುತ್ತು. ಹಿತ್ತಾಳೆಯ ಬೋಗುಣಿಯಲ್ಲಿ ಅನ್ನ, ಹುಳಿ, ತುಪ್ಪ ಹಾಕಿ ಕಲಸಿಕೊಂಡು ಅಡುಗೆಮನೆಯ ಹೊಸ್ತಿಲಿನ ಒಳಗೆ ಅವಳು ಕೂರುತ್ತಿದ್ದಳು, ಹೊರಗೆ ನಾವಿಬ್ಬರು. ಮೊದಲ ತುತ್ತು ಸರಸುವಿನ ಅಂಗೈಗೆ. ಎರಡನೆಯದು ನನ್ನದು. ಇದು ಒಂದು ದಿನವೂ ತಪ್ಪಿದ್ದಿಲ್ಲ. ಎರಡನೆಯ ತುತ್ತಿನಲ್ಲೂ ಅಷ್ಟೇ ತುಪ್ಪ ಇರುತ್ತಿತ್ತು, ಗಾತ್ರವೂ ಅಷ್ಟೇ. ಆದರೂ ನನಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ಇವತ್ತು ಮುಚ್ಚಿಟ್ಟು ಸಾಧಿಸುವುದೇನೂ ಇಲ್ಲ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಪೊನ್ನಮ್ಮನ ಮಗಳು ಮಲ್ಲಿಕಾ ಒಂದು ಪ್ರಶ್ನೆ ಕೇಳಿದಳು. ಕುಂಟೆಬಿಲ್ಲೆ ಆಡುವಾಗ, ಬಿಲ್ಲೆಯನ್ನು ಎಸೆಯುತ್ತ, ಅದರಲ್ಲೇನೂ ವಿಶೇಷವಿಲ್ಲ ಅನ್ನುವ ಹಾಗೆ ಕೇಳಿದಳು.

“ನಿಂಗೆ ಅಮ್ಮ ಇಲ್ವಾ?”

“ಇದ್ದಾಳಲ್ಲ, ಒಳಗೆ ಅಕ್ಕಿ ಆರಿಸ್ತಿದ್ದಾಳೆ.”

“ಅದು ಅಕ್ಕ. ನಮ್ಮಮ್ಮಂಗೂ ಅಕ್ಕ, ಸರಸುಗೂ ಅಕ್ಕ, ಎಲ್ಲಾರ್ಗೂ ಅಕ್ಕ. ನಿಂಗೆ ಅಂತ ಅಮ್ಮ ಯಾರು?”

ಅಕ್ಕನೇ ನನ್ನನ್ನು ಹೆತ್ತವಳೆಂದು ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಬಾಯಲ್ಲಿ ಇರುವುದು ಬೇರೆ. ಮಲ್ಲಿಕಾಗೆ ಬಿದ್ದು ಮೊಣಕಾಲು ತರಚಿದರೆ ‘ಅಮ್ಮಾ’ ಎಂದು ಕೂಗಲು ಒಬ್ಬಳಿದ್ದಳು, ಆ ಕೂಗಿಗೆ ಇಡೀ ಸಾಲಿನಲ್ಲಿ ಪೊನ್ನಮ್ಮ ಒಬ್ಬಳೇ ಓಡಿ ಬರುತ್ತಿದ್ದಳು. ನಾನು ‘ಅಕ್ಕಾ’ ಎಂದು ಕೂಗಿದರೆ ಅದು ನನ್ನ ದನಿಯೋ, ಸರಸುವಿನದೋ, ಎದುರುಮನೆಯವರದೋ ಎಂದು ಅವಳು ಮೊದಲು ಕಿಟಕಿಯಿಂದ ನೋಡಬೇಕಿತ್ತು. ಆ ದಿನದಿಂದ ನನಗೆ ಒಂದೇ ಆಸೆ ಹತ್ತಿತು: ಅವಳಲ್ಲಿ ನನಗೆ ಮಾತ್ರ ಸೇರಿದ್ದು ಏನಾದರೂ ಒಂದು ಬೇಕು. ಪಾಯಸ ಬೇಡ, ರಿಬ್ಬನ್ನು ಬೇಡ. ಒಂದು ಶಬ್ದ ಸಾಕು.

ಅಜ್ಜ ಪ್ರತಿ ಭಾನುವಾರ ಶಿವಮೊಗ್ಗದಿಂದ ಬರುತ್ತಿದ್ದರು. ಅಳಿಯನ ಮನೆಯಲ್ಲಿ ಊಟ ಮಾಡಲು ಅವರಿಗೆ ಸಂಕೋಚ. ಹಜಾರದ ಬೆಂಚಿನ ಮೇಲೆ ಕೂತು ಒಂದು ಲೋಟ ಹಾಲು ಕುಡಿದು, ನಮಗಿಬ್ಬರಿಗೂ ಶಬ್ದರೂಪ ಹೇಳಿಸಿ, ನಾಲ್ಕು ಗಂಟೆಯ ಬಸ್ಸಿಗೆ ಹೋಗುತ್ತಿದ್ದರು. ಹೇಳಿಸುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು, ಸರಸುವನ್ನು ಎದುರಿಗೆ. ಬೆನ್ನು ತಟ್ಟಿದರೆ ನನ್ನ ಬೆನ್ನು. ಹೆಂಡತಿಯನ್ನು ಕರೆದೊಯ್ದ ಕೂಸನ್ನು ಅವರಿಗೆ ಮುಟ್ಟಲು ಆಗುತ್ತಿರಲಿಲ್ಲವೆಂದು ಈಗ ಅರ್ಥವಾಗುತ್ತದೆ. ಆಗ ಅದು ನನ್ನ ಜಾಣತನಕ್ಕೆ ಸಿಕ್ಕ ಮರ್ಯಾದೆ ಎಂದುಕೊಂಡಿದ್ದೆ. ಆ ಭಾನುವಾರ ಸರಸು ಬೀದಿಯಲ್ಲಿ ಆಡುತ್ತಿದ್ದ ಹೊತ್ತು ನೋಡಿ ಅವರ ಕಿವಿಯ ಹತ್ತಿರ ಹೋದೆ.

“ಅಜ್ಜ, ಅಕ್ಕ ನಂಗೆ ಏನಾಗ್ಬೇಕು?”

ಅವರು ಕನ್ನಡಕ ಮೇಲೆತ್ತಿ ನೋಡಿದರು. ನಾನು ಮಲ್ಲಿಕಾ ಕೇಳಿದ್ದನ್ನೆಲ್ಲ ಹೇಳಿ ಮೂಗು ಎಳೆದೆ. ನನ್ನ ಕಣ್ಣಲ್ಲಿ ನೀರು ಕಂಡು ಅವರ ಮನಸ್ಸು ಕರಗಿತು. ಪಾಠ ಹೇಳುವ ಮನುಷ್ಯ, ಸಮಾಧಾನ ಮಾಡುವುದಕ್ಕೂ ಅವರಿಗೆ ಪಾಠವೇ ಗೊತ್ತಿದ್ದದ್ದು.

“ಅಳ್ತಾರೇನೇ ಇದಕ್ಕೆ? ಸಂಸ್ಕೃತದಲ್ಲಿ ಅಕ್ಕಾ ಅಂದ್ರೆ ತಾಯಿ ಅಂತಲೇ ಅರ್ಥ. ಅಂಬಾ ಹೇಗೋ ಅಕ್ಕಾ ಹಾಗೆ. ನೀನು ಹುಟ್ಟಿದಾಗಿನಿಂದ ಅವಳನ್ನ ಅಮ್ಮ ಅಂತಲೇ ಕರೀತಿದ್ದೀಯ.”

“ಮತ್ತೆ ಸರಸು ಕರೆಯೋದು?”

ಅಜ್ಜ ಒಂದು ಗಳಿಗೆ ಬೀದಿಯ ಕಡೆ ನೋಡಿದರು.

“ಅವಳು ಕನ್ನಡದಲ್ಲಿ ಕರೀತಾಳೆ. ನೀನು ಸಂಸ್ಕೃತದಲ್ಲಿ ಕರಿ.”

ನನಗೆ ಕುಣಿಯುವಷ್ಟು ಖುಷಿಯಾಯಿತು. ಕರೆಯುವುದು ಅದೇ, ಆದರೆ ನನ್ನದು ಬೇರೆ. ಯಾರಿಗೂ ಗೊತ್ತಾಗದ ಹಾಗೆ ಅದನ್ನು ಒಳಗೇ ಇಟ್ಟುಕೊಂಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಐದು ದಿನ ಇಟ್ಟುಕೊಂಡೆ. ಆರನೆಯ ದಿನ ಶನಿವಾರ, ಎಣ್ಣೆಸ್ನಾನ. ಬಚ್ಚಲ ಒಲೆಯ ಮುಂದೆ ಅಕ್ಕ ಹರಳೆಣ್ಣೆ ಬಿಸಿ ಮಾಡಿಟ್ಟು ಸೀಗೆಪುಡಿ ತರಲು ಒಳಗೆ ಹೋಗಿದ್ದಳು. ಸರಸು ಎಂದಿನಂತೆ ಮೊದಲು ಮಣೆಯ ಮೇಲೆ ಕೂತಳು. ನಾನು ಅವಳನ್ನು ತಳ್ಳಿದೆ.

“ಏಳು. ಇವತ್ತು ನಾನು ಮೊದ್ಲು.”

“ಯಾಕೆ? ಯಾವಾಗ್ಲೂ ನಾನೇ ಅಲ್ವಾ?”

“ನಿಂದು ಕನ್ನಡದ ಅಕ್ಕ. ನಂದು ಸಂಸ್ಕೃತದ ಅಕ್ಕ. ಸಂಸ್ಕೃತದಲ್ಲಿ ಅಕ್ಕ ಅಂದ್ರೆ ಅಮ್ಮ. ಅಜ್ಜನೇ ಹೇಳಿದ್ರು, ನಂಗೆ ಮಾತ್ರ ಅಂತ. ನಿಮ್ಮಮ್ಮ ಸತ್ತುಹೋಗಿದ್ದಾಳೆ.”

ಕೊನೆಯ ವಾಕ್ಯವನ್ನು ಅಜ್ಜ ಹೇಳಿರಲಿಲ್ಲ. ಅದು ನನ್ನದೇ ಸೇರ್ಪಡೆ. ಸರಸು ಅಳುತ್ತಾಳೆ, ಹೊಡೆಯುತ್ತಾಳೆ, ನಾನೂ ಹೊಡೆಯಬಹುದು ಎಂದುಕೊಂಡು ಸಿದ್ಧಳಾಗಿ ನಿಂತಿದ್ದೆ. ಅವಳು ಎದ್ದು, ಮಣೆಯನ್ನು ನನ್ನ ಕಡೆ ಸರಿಸಿ, ಒಲೆಯ ಬೆಂಕಿ ನೋಡುತ್ತ ಗೋಡೆಗೆ ಒರಗಿ ನಿಂತಳು. ಅಕ್ಕ ಬಂದು ನಾನು ಮಣೆಯ ಮೇಲೆ ಕೂತಿದ್ದನ್ನು ಕಂಡು ಹುಬ್ಬು ಏರಿಸಿದಳು. ‘ಅವಳೇ ಕೊಟ್ಟಳು’ ಅಂದೆ. ಸುಳ್ಳೇನೂ ಅಲ್ಲವಲ್ಲ.

ಸ್ನಾನ ಮುಗಿದು ಕೂದಲು ಆರಿಸಿಕೊಂಡು ಊಟಕ್ಕೆ ಕೂತೆವು. ಅಕ್ಕ ಬೋಗುಣಿಯಲ್ಲಿ ಅನ್ನ ಕಲಸಿ ಮೊದಲ ತುತ್ತು ಕಟ್ಟಿ ಕೈ ನೀಡಿದಳು. ಸರಸುವಿನ ಅಂಗೈ ಬರಲಿಲ್ಲ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

“ಮೊದ್ಲು ಅವಳಿಗೆ ಹಾಕಿ.”

“ಹಾಕಿ ಅಂತೆ! ಇದೇನೇ ಹೊಸದು? ಹಿಡಿ ಕೈ.”

“ಅವಳು ನಿಮ್ಮ ಮಗಳು. ಮೊದ್ಲು ಅವಳಿಗೆ. ಉಳಿದ್ರೆ ನಂಗೆ ಕೊಡಿ.”

ಒಂಬತ್ತು ವರ್ಷದ ಹುಡುಗಿ, ತನ್ನನ್ನು ಸಾಕಿದವಳಿಗೆ, ನೆಂಟರ ಮನೆಗೆ ಬಂದವಳ ಹಾಗೆ ಹೇಳಿದಳು. ಅಕ್ಕನ ಕೈಯಲ್ಲಿ ತುತ್ತು ಹಾಗೇ ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಏನಾಯಿತೆಂದು ಅವಳು ಕೇಳಿದ್ದಕ್ಕೆ ಸರಸುವೇ ಉತ್ತರ ಹೇಳಿದಳು, ಚಾಡಿ ಹೇಳುವ ದನಿಯಲ್ಲಲ್ಲ, ಪಾಠ ಒಪ್ಪಿಸುವ ಹಾಗೆ: ಕನ್ನಡದ್ದು ಹೀಗೆ, ಸಂಸ್ಕೃತದ್ದು ಹೀಗೆ, ಅಜ್ಜ ಹೇಳಿದ್ದು ಹೀಗೆ. ಅಕ್ಕ ತುತ್ತನ್ನು ಬೋಗುಣಿಗೆ ಹಾಕಿ ಕೈ ತೊಳೆದುಕೊಂಡಳು. ಆ ಮಧ್ಯಾಹ್ನ ನಾವು ಮೊದಲ ಬಾರಿಗೆ ಬೇರೆ ಬೇರೆ ತಟ್ಟೆಯಲ್ಲಿ ಉಂಡೆವು. ಪಾಳಿ ಮುಗಿಸಿ ಬಂದ ಅಪ್ಪ ‘ಮಕ್ಕಳ ಮಾತು, ಬಿಡು’ ಎಂದರು. ‘ಮಕ್ಕಳಿಗೆ ಹೇಳಿಕೊಟ್ಟೋರು ಮಕ್ಕಳಲ್ಲ’ ಎಂದಳು ಅಕ್ಕ. ಅಪ್ಪ ಟವೆಲ್ ತೆಗೆದುಕೊಂಡು ಬಚ್ಚಲಿಗೆ ಹೋದರು.

ಮರುದಿನ ಅಜ್ಜ ಹೊರಡುವ ಮೊದಲೇ ಅವರನ್ನು ಹಿಡಿಯಬೇಕೆಂದು ಅಕ್ಕ ನಮ್ಮಿಬ್ಬರನ್ನೂ ಎಬ್ಬಿಸಿ ಶಿವಮೊಗ್ಗದ ಮೊದಲ ಬಸ್ಸಿಗೆ ಹತ್ತಿಸಿದಳು. ಅಜ್ಜ ಕೋಟೆಯ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಗೋಡೆಯುದ್ದಕ್ಕೂ ಪುಸ್ತಕ, ಮೂಲೆಯಲ್ಲಿ ಸೀಮೆಎಣ್ಣೆ ಸ್ಟವ್. ನಮ್ಮನ್ನು ಕಂಡು ಗಾಬರಿಯಾಗಿ ಚಾಪೆ ಹಾಸಿದರು, ಅವಲಕ್ಕಿ ನೆನೆಸುತ್ತೇನೆ ಎಂದು ಡಬ್ಬಕ್ಕೆ ಕೈ ಹಾಕಿದರು. ಅಕ್ಕ ಕೂರಲಿಲ್ಲ. ತನ್ನ ತಂದೆಯ ಮುಂದೆ ಅವಳು ದನಿ ಏರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಬಹಳ ಏರಲಿಲ್ಲ.

“ಒಂಬತ್ತು ವರ್ಷದಿಂದ ಇಬ್ಬರಿಗೂ ಒಂದೇ ಬೋಗುಣಿಲಿ ಅನ್ನ ಕಲಸ್ತಿದ್ದೀನಿ ಅಪ್ಪ. ನೀವು ಒಂದು ಭಾನುವಾರದಲ್ಲಿ ಎರಡು ತಟ್ಟೆ ಹಾಕ್ಸಿದ್ರಿ.”

“ಮಗು ಅಳ್ತಿತ್ತು ಕಣಮ್ಮ. ಸಮಾಧಾನಕ್ಕೆ ಹೇಳ್ದೆ. ಹೇಳಿದ್ದೇನೂ ತಪ್ಪಲ್ಲ, ಕೋಶದಲ್ಲೂ ಇದೆ.”

“ಕೋಶದಲ್ಲಿ ಇರ್ಲಿ. ನೀವು ಈ ಮಗೂನ ಒಂದು ದಿನ ಎತ್ಕೊಂಡಿದ್ದೀರಾ? ಪಂಚೇಲಿ ಸುತ್ತಿ ತಂದುಕೊಟ್ಟಿದ್ದೇ ಕೊನೆ. ಅವಳಿಗೆ ಇರೋದು ನಾನೊಬ್ಬಳು. ನನ್ನನ್ನೂ ಅರ್ಧ ಮಾಡಿ ಇವಳಿಗೆ ಕೊಟ್ರೆ ಅವಳು ಎಲ್ಲಿಗೆ ಹೋಗ್ಬೇಕು?”

ಅಜ್ಜ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಬಾಗಿಲ ಹತ್ತಿರ ಚಪ್ಪಲಿಯ ಪಕ್ಕದಲ್ಲೇ ನಿಂತಿದ್ದ ಸರಸುವನ್ನು ಕರೆದರು. ಅವಳು ಎರಡು ಹೆಜ್ಜೆ ಬಂದು ನಿಂತಳು. ಅವರು ಕೈ ಎತ್ತಿದರು, ತಲೆಯ ಮೇಲೆ ಇಡಬೇಕೋ ಭುಜದ ಮೇಲೆ ಇಡಬೇಕೋ ತಿಳಿಯದೆ ಕೊನೆಗೆ ಅವಳ ಜಡೆಯನ್ನು ಹಿಡಿದುಕೊಂಡರು.

“ಸಂಸ್ಕೃತ ಯಾರಪ್ಪನ ಆಸ್ತಿಯೂ ಅಲ್ಲಮ್ಮ. ನಾನು ತಪ್ಪು ಹೇಳ್ದೆ. ನೀನೂ ಅದೇ ಅರ್ಥದಲ್ಲಿ ಕರಿ.”

“ಬೇಡ ಅಜ್ಜ,” ಎಂದಳು ಸರಸು. “ನಂಗೆ ಕನ್ನಡದ್ದೇ ಸಾಕು.”

ಹಿಂದಿರುಗುವ ಬಸ್ಸಿನಲ್ಲಿ ಸರಸು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ಅಕ್ಕ ನಡುವೆ, ನಾನು ಈಚೆಗೆ. ಏಟು ಬೀಳುತ್ತದೆಂದು ನಾನು ಕಾದಿದ್ದೆ. ಅವಳು ನನ್ನ ಕೈಯನ್ನು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಜ್ವರವಿಲ್ಲದೆ ನನಗೆ ಹಾಗೆ ಸಿಕ್ಕಿದ್ದು ಅಪರೂಪ.

“ನೀನು ಅಮ್ಮ ಅಂದ್ರೆ ನಂಗೆ ಬೇಡ ಅನ್ಸತ್ತೆ ಅಂದ್ಕೊಂಡಿದ್ದೀಯಾ?” ಎಂದಳು, ಸರಸುವಿಗೆ ಎಚ್ಚರವಾಗದ ಹಾಗೆ. “ನಂಗೂ ಕಿವಿ ಇದೆ ಕಣೆ. ಪೊನ್ನಮ್ಮನ್ನ ಅವಳ ಮಗಳು ಕೂಗೋದು ನಂಗೂ ಕೇಳಿಸತ್ತೆ.”

ನಾನು ಅವಳ ಬಳೆಯನ್ನು ತಿರುಗಿಸುತ್ತ ಕೂತೆ.

“ನೀನು ಹುಟ್ಟಿದಾಗ ನಂಗೆ ಇಬ್ಬರಿಗೆ ಆಗೋಷ್ಟು ಹಾಲಿರ್ಲಿಲ್ಲ. ಅವಳು ಸೊರಗಿದ್ಲು. ಮೊದ್ಲು ಅವಳಿಗೆ ಕೊಟ್ಟು, ಉಳಿದಿದ್ದು ನಿಂಗೆ. ನೀನು ಅಳ್ತಿದ್ದೆ. ಆಗ ನಿನ್ನನ್ನ ಕೇಳ್ದೆ ತಗೊಂಡೆ. ಈಗ ಕೇಳಿ ತಗೋತೀನಿ. ಈ ಒಂದು ಮಾತನ್ನೂ ಬಿಟ್ಟುಕೊಡ್ತೀಯಾ?”

ಒಂಬತ್ತು ವರ್ಷದವಳನ್ನು ಕೇಳುವ ಪ್ರಶ್ನೆಯೇ ಅದು? ಬೇಡ ಅನ್ನಲು ನನಗೆ ಬರಲಿಲ್ಲ. ‘ಹೂಂ’ ಅಂದೆ. ಅವಳು ನನ್ನ ಕೈ ಒತ್ತಿದಳು. ಭದ್ರಾವತಿ ಬರುವ ತನಕ ಆ ಕೈಯನ್ನು ಬಿಡಲಿಲ್ಲ. ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಸಂತೋಷಪಡಲಿಲ್ಲ, ನಿಜ ಹೇಳಬೇಕೆಂದರೆ ಕೋಪವೇ ಬಂದಿತ್ತು. ಆ ಕೋಪ ವರ್ಷಗಟ್ಟಲೆ ಇತ್ತು. ಕಾಲೇಜಿಗೆ ಹೋಗುವಾಗಲೂ ಯಾರಾದರೂ ಹುಡುಗಿ ‘ನಮ್ಮಮ್ಮ’ ಎಂದು ಮಾತು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ.

ಬೋಗುಣಿ ಎರಡು ಮೂರು ವಾರದಲ್ಲಿ ಮತ್ತೆ ಹೊಸ್ತಿಲಿಗೆ ಬಂತು. ಸರಸು ಮೊದಲ ತುತ್ತಿಗೆ ಕೈಯನ್ನೂ ಚಾಚಿದಳು. ಆದರೆ ‘ನೀವು’ ಹೋಗಲಿಲ್ಲ. ಅಕ್ಕ ಬೈದಳು, ಅಣಕಿಸಿದಳು, ಒಮ್ಮೆ ‘ನೀನು ಅನ್ನೋ ತನಕ ಜಡೆ ಹಾಕಲ್ಲ’ ಎಂದು ಹಟ ಹಿಡಿದು ಕೂತಳು. ಸರಸು ತಾನೇ ಜಡೆ ಹಾಕಿಕೊಳ್ಳಲು ಕಲಿತಳು. ಮೊಸರಿನ ಪಾತ್ರೆ ಮುಟ್ಟುವ ಮುಂಚೆ ‘ತಗೊಳ್ಳಲಾ?’ ಎಂದು ಕೇಳುತ್ತಿದ್ದಳು. ಆ ಒಂದು ಪ್ರಶ್ನೆಗೆ ಅಕ್ಕನ ಮುಖ ಪ್ರತಿ ಸಲವೂ ಬಾಡುತ್ತಿದ್ದುದನ್ನು ನಾನು ನೋಡಿದ್ದೇನೆ. ಅದು ನಾನು ಮಾಡಿದ ಕೆಲಸ. ಅಜ್ಜನ ಮೇಲೆ ಎಷ್ಟು ಹೊರಿಸಿದರೂ ಬಚ್ಚಲ ಒಲೆಯ ಮುಂದೆ ಬಾಯಿ ಬಿಟ್ಟವಳು ನಾನೇ.

ನಾನು ಓದಿ ಲೈಬ್ರರಿ ಕೆಲಸಕ್ಕೆ ಸೇರಿದೆ. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ದಿನಾ ಬಸ್ಸು. ನಿಘಂಟುಗಳ ವಿಭಾಗ ನನ್ನ ಕೈಯಲ್ಲಿತ್ತು, ಓದುಗರು ಅತ್ತ ಬರುವುದು ಕಡಿಮೆ. ಬಿಡುವಿದ್ದಾಗಲೆಲ್ಲ ನಾನು ಹುಡುಕುತ್ತಿದ್ದದ್ದು ಒಂದೇ ಶಬ್ದ. ಒಂದು ನೂರು ಪುಟದ ನೋಟ್‌ಬುಕ್ಕು ಅದಕ್ಕೆಂದೇ ಇಟ್ಟಿದ್ದೆ. ಮರಾಠಿಯವರು ಅಕ್ಕ ಎಂದು ಹಿರಿಯಕ್ಕನನ್ನು ಕರೆಯುವುದು ನಮ್ಮ ಕಡೆಯಿಂದ ಪಡೆದಂತೆ. ಉಜ್ಬೆಕ್ ಜನರಲ್ಲಿ ಅಕ ಎಂದರೆ ಅಣ್ಣ, ಮನೆಗೆ ಹಿರಿಯ ಗಂಡಸು. ದರ್ಜಿ ಸಾಬರ ಆಕಾ ಕೂಡ ಆ ಕಡೆಯಿಂದ ಪರ್ಷಿಯನ್ ದಾರಿ ಹಿಡಿದು ಬಂದದ್ದು. ಜಪಾನಿನಲ್ಲಿ ಅಕ ಎಂದರೆ ಕೆಂಪು, ನಂಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಫಿನ್ಲೆಂಡಿನಲ್ಲಿ ಅಕ್ಕ ಎಂದರೆ ಮುದುಕಿ, ಅದೂ ಅಷ್ಟು ಗೌರವದಿಂದ ಹೇಳುವುದಲ್ಲ. ಲ್ಯಾಟಿನ್ನಿನ ಒಂದು ಹಳೆಯ ಕತೆಯಲ್ಲಿ, ಹೊಳೆಯ ಪಾಲಾದ ಎರಡು ಹಸುಳೆಗಳನ್ನು ಮನೆಗೆ ತಂದು ಸಾಕಿದ ಕುರುಬನ ಹೆಂಡತಿಯ ಹೆಸರೇ ಅಕ್ಕ. ಆ ಪುಟ ಓದಿದ ದಿನ ನಾನು ಪುಸ್ತಕ ಮುಚ್ಚಿ ಕ್ಯಾಂಟೀನಿಗೆ ಹೋಗಿ ಎರಡು ಕಾಫಿ ಕುಡಿದು ಬಂದೆ. ಒಂದೇ ಸದ್ದನ್ನು ಇಷ್ಟು ಜನ ಇಷ್ಟು ತರಹದ ಮನುಷ್ಯರಿಗೆ ಕೊಟ್ಟಿದ್ದಾರೆ. ಕೆಲವಕ್ಕೆ ಬೇರು ಒಂದೇ, ಕೆಲವು ಸುಮ್ಮನೆ ಎಳೆಮಕ್ಕಳ ಬಾಯಿಗೆ ಸುಲಭವೆಂದು ಹುಟ್ಟಿಕೊಂಡವು. ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಟಿಪ್ಪಣಿ. ಸಂಸ್ಕೃತದಲ್ಲಿ ತಾಯಿ ಎಂಬ ಅರ್ಥದ ಅಕ್ಕಾ ಬಹುಶಃ ದಕ್ಷಿಣದ ಭಾಷೆಗಳಿಂದಲೇ ಅಲ್ಲಿಗೆ ಹೋದದ್ದು ಎಂದು ಪಂಡಿತರು ಬರೆದಿದ್ದರು. ಅಂದರೆ ಅಜ್ಜ ನನಗೊಬ್ಬಳಿಗೇ ಎಂದು ಕೊಟ್ಟದ್ದು ಮೊದಲೇ ಸರಸುವಿನದಾಗಿತ್ತು. ಅಷ್ಟು ಹೊತ್ತಿಗೆ ಅಜ್ಜ ಇರಲಿಲ್ಲ, ಹೇಳಿ ನಗಿಸಲು.

ಈಗ ನಾವು ಶಿವಮೊಗ್ಗದ ವಿದ್ಯಾನಗರದಲ್ಲಿದ್ದೇವೆ. ಅಪ್ಪ ಹೋಗಿ ಬಹಳ ವರ್ಷವಾಯಿತು. ಅಕ್ಕನಿಗೆ ಎಂಬತ್ತು ದಾಟಿದೆ. ಮಂಡಿ ಕೇಳುವುದಿಲ್ಲ, ಕಿವಿ ಸ್ವಲ್ಪ ಮಂದ, ನಾಲಿಗೆ ಮಾತ್ರ ಹಾಗೇ ಇದೆ. ಸರಸು ಪ್ರೈಮರಿ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾಗಿ ಪಕ್ಕದ ಬೀದಿಯಲ್ಲಿದ್ದಾಳೆ. ಗಂಡ ತೀರಿಕೊಂಡ ಮೇಲೆ ಬೆಳಗಿನ ಅಡುಗೆ ಇಲ್ಲಿಯೇ ಮಾಡುತ್ತಾಳೆ. ಅಕ್ಕನಿಗೆ ಅವಳ ಕೈಯ ಚಟ್ನಿಯೇ ಆಗಬೇಕು. ಇದನ್ನು ಬರೆಯಲು ಹಳೆಯ ನೋಟ್‌ಬುಕ್ಕು ಹುಡುಕಿ ತೆಗೆದಿದ್ದೆ. ಹೋದ ವಾರ ಒಂದು ಬೆಳಿಗ್ಗೆ, ಹಜಾರದ ಕುರ್ಚಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಕ್ಕನಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಉಜ್ಬೆಕ್ಕಿನ ಅಣ್ಣನಿಗೆ ನಕ್ಕಳು. ಫಿನ್ಲೆಂಡಿನ ಮುದುಕಿ ಬಂದಾಗ ಕೈ ನಿಲ್ಲಿಸಿದಳು.

“ಆ ಊರೋರು ಸರಿಯಾಗಿ ಹೇಳಿದ್ದಾರೆ ನೋಡು.”

ಎರಡು ಹಸುಳೆಗಳನ್ನು ಸಾಕಿದ ಆ ಕುರುಬನ ಹೆಂಡತಿಯ ಕತೆ ಓದಿದೆ. ಅವಳು ಇನ್ನೆರಡು ಹುರುಳಿಕಾಯಿ ಮುರಿದಳು. ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡಿ ನನ್ನ ಕಡೆ ಬಾಗಿದಳು.

“ಒಂದ್ಸಲ ಅಮ್ಮ ಅನ್ನೇ.”

ನಾನು ಕನ್ನಡಕ ತೆಗೆದೆ.

“ಒಂದೇ ಸಲ. ಸರಸು ಒಳಗಿದ್ದಾಳೆ, ಮೆತ್ತಗೆ ಅನ್ನು. ಯಾರಿಂದ್ಲೂ ಅನ್ನಿಸ್ಕೊಳ್ಳದೆ ಹೋಗಿಬಿಡ್ತೀನೇನೋ ಅನ್ಸತ್ತೆ.”

ಕಿವಿ ಮಂದವಾದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಒಳಗೆ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ನಾನು ಬಾಯಿ ತೆರೆದೆ. ಅರವತ್ತು ವರ್ಷ ಬಳಸದ ಮಾತು, ಎಲ್ಲಿಂದ ಶುರು ಮಾಡಬೇಕೆಂದು ಗಂಟಲಿಗೆ ತಿಳಿಯಲಿಲ್ಲ. ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದಳು. ಆಗ ಅಡುಗೆಮನೆಯಿಂದ ಸರಸು ಕೂಗಿದಳು.

“ಅನ್ನೇ ಮಾರಾಯ್ತಿ, ಎಷ್ಟು ಹೊತ್ತು ಕಾಯಿಸ್ತೀಯ ಅವರನ್ನ! ನಾನು ಮಿಕ್ಸಿ ಹಾಕ್ತೀನಿ, ನಂಗೇನೂ ಕೇಳಿಸಲ್ಲ.”

ಮಿಕ್ಸಿ ಗುರ್ರೆಂದು ತಿರುಗಿತು. ಆ ಸದ್ದಿನಲ್ಲಿ ನಾನು ಅಂದೆ. ನನಗೇ ಕೇಳಿಸದಷ್ಟು ಸಣ್ಣಗೆ ಅಂದೆ. ಚಟ್ನಿ ನುಣ್ಣಗಾಗಲು ಬೇಕಾಗುವುದಕ್ಕಿಂತ ಬಹಳ ಹೊತ್ತು ಮಿಕ್ಸಿ ತಿರುಗಿ, ಕೊನೆಗೆ ನಿಂತಿತು.

“ಏನೂ ಕೇಳಿಸ್ಲಿಲ್ಲ ಕಣೆ,” ಎಂದಳು ಅಕ್ಕ.

“ನಂಗೆ ಕೇಳಿಸ್ತು,” ಎಂದಳು ಸರಸು ಒಳಗಿನಿಂದ. “ಇನ್ನೊಂದ್ಸಲ ಜೋರಾಗಿ ಅನ್ನು, ಅವರಿಗೂ ಕೇಳಿಸ್ಲಿ.”